ಗಂಗೂಬಾಯಿಯವರ ಅವಸಾನ: ನಾಡಿನ ವಾರಸುದಾರಿಕೆಯೂ ಋಣವೂ

ಹಿಂದುಸ್ತಾನಿ ಸಂಗೀತದ ಕಿರಾಣಾ ಪರಂಪರೆಯಲ್ಲಿ ಹಿರಿಯರೆನಿಸಿ, ಭರತಖಂಡದಲ್ಲೆಲ್ಲ ಮಾನ್ಯರಾಗಿದ್ದ ಶ್ರೀಮತಿ ಗಂಗೂಬಾಯಿ ಹಾನಗಲ್ಲ ಅವರು 2009ನೆಯ ಇಸವಿ ಜುಲೈ 21ನೆಯ ತಾರೀಖು ಮಂಗಳವಾರ ಹುಬ್ಬಳ್ಳಿಯಲ್ಲಿ ದೇಹವಿಟ್ಟರೆಂಬುದು ನಮ್ಮ ವಾಚಕರಿಗೆಲ್ಲ ವಿದಿತವಿರುವ ಸಂಗತಿ. ಆಗ ಅವರಿಗೆ 96 ವರ್ಷ ತುಂಬಿ 97ನೆಯದು ನಡೆದಿತ್ತು. ಸರಕಾರವು ಎರಡು ದಿನಗಳ ಶೋಕಾಚರಣೆಯನ್ನು ಸಾರಿತು. ಸರಕಾರಿ ಮರ್ಯಾದೆಯೊಡನೆ ಅಂತ್ಯಸಂಸ್ಕಾರವು ಗೊತ್ತಾಯಿತು. ಅವರ ಕಣ್ಣುಗಳನ್ನು ದಾನವಾಗಿ ಕೊಡಲಾಯಿತು. ಮರುದಿನ ಬೆಳಿಗ್ಗೆ ಸೂರ್ಯಗ್ರಹಣವಿದ್ದಿತು. ಶೋಕಲೇಖನವನ್ನು ಬರೆಯಲು ಕುಳಿತವನಿಗೆ ಇದಕ್ಕಿಂತ ಅಗ್ಗವಾದ ಅಲಂಕಾರವು ದೊರೆಯಲಾರದು. ನಾವು ಅದನ್ನು ಮುಟ್ಟದೆ ಮುಂದೆ ಹೋಗುತ್ತೇವೆ. ಮೊದಲ ದಿನಗಳ ಕಣ್ಣೀರು ಆರಿ ಎಷ್ಟೋ ವರ್ಷಗಳು ಸಂದಿರುವುದರಿಂದ, ಆ ಮರಣಕ್ಕೆ ನಾಡು ಒಪ್ಪಿಸಿದ ಗೌರವದ ಲೆಕ್ಕವನ್ನು ಸಮಾಧಾನಚಿತ್ತದಿಂದ ನೋಡುವುದು ಈಗ ಸಾಧ್ಯವಾಗಿದೆ.

ಒಬ್ಬರು ತೀರಿಕೊಂಡಾಗ ಮೊದಲು ಬಾಗಿಲಿಗೆ ಬರುವವರು ವಾರಸುದಾರರು. ಸಾಲಗಾರರ ಕಾಗದಗಳು ಆಮೇಲೆ ಹೊರಬೀಳುತ್ತವೆ. ಕಚೇರಿಯ ಕಟ್ಟೆಯನ್ನು ಹತ್ತಿದವರಿಗೆಲ್ಲ ಈ ಕ್ರಮವು ಪರಿಚಿತವಾಗಿಯೇ ಇದೆ. ಗಂಗೂಬಾಯಿಯವರು ಗತಿಸಿದಾಗ ಕನ್ನಡನಾಡೆಲ್ಲ ತಾನೇ ಅವರ ವಾರಸುದಾರನೆಂದು ಮುಂದೆ ಬಂದಿತು. ಅದು ಸಹಜವೂ ಹೌದು, ಯೋಗ್ಯವೂ ಹೌದು. ಧಾರವಾಡದವರು ತಮ್ಮಲ್ಲಿ ಹುಟ್ಟಿದವರೆಂದರು. ಹುಬ್ಬಳ್ಳಿಯವರು ತಮ್ಮಲ್ಲಿ ಬಾಳಿದವರೆಂದರು. ಮನೆತನದ ಮೂಲ ಊರಾದ ಹಾನಗಲ್ಲವಂತೂ ಅವರ ಹೆಸರಿನಲ್ಲಿಯೇ ಕುಳಿತಿದೆ. ಆದರೆ ಮೃತರ ಆಸ್ತಿಯನ್ನು ಸ್ವೀಕರಿಸಿದವನು ಅವರಿಗೆ ಸಲ್ಲಬೇಕಾಗಿದ್ದ ಬಾಕಿಯ ವಿಷಯದಲ್ಲಿಯೂ ಬಾಯಿ ತೆರೆಯಬೇಕಾಗುವುದು. ಅವರಿಂದ ನಾವು ಪಡೆದುದೇನೆಂಬುದನ್ನು ಎಲ್ಲರೂ ಹೇಳಿದ್ದಾರೆ. ಅವರಿಗೆ ನಾವು ಕೊಡದೆ ಉಳಿಸಿಕೊಂಡುದೇನೆಂಬುದೇ ಈ ಲೇಖದ ವಿಷಯ.

ಇದಕ್ಕಾಗಿ ವಾಚಕರನ್ನು ಬೆಳಗಾವಿಗೆ ಕರೆದುಕೊಂಡು ಹೋಗಬೇಕಾಗಿದೆ. 1924ನೆಯ ಇಸವಿಯ ಡಿಸೆಂಬರದಲ್ಲಿ ಅಲ್ಲಿ ನೆರೆದ ರಾಷ್ಟ್ರಸಭೆಯ ಅಧಿವೇಶನವು ನಮ್ಮ ಏಕೀಕರಣದ ಚರಿತ್ರೆಯಲ್ಲಿ ಎಂತಹ ದಿನವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಹಾತ್ಮಾ ಗಾಂಧಿಯವರು ರಾಷ್ಟ್ರಸಭೆಯ ಅಧ್ಯಕ್ಷಪೀಠವನ್ನು ಏರಿದುದು ಅದೊಂದೇ ಸಲ, ಅದೂ ಕನ್ನಡದ ನೆಲದ ಮೇಲೆ. ಗಂಗಾಧರರಾವ್ ದೇಶಪಾಂಡೆಯವರ ಹೆಗಲ ಮೇಲೆ ಅದರ ಭಾರವಿತ್ತು. ಡಾಕ್ಟರ್ ಹರ್ಡೀಕರರ ಸೇವಾದಳದವರು ಓಡಾಡಿದರು. ಅಧಿವೇಶನದ ನಗರಿಗೆ ವಿಜಯನಗರವೆಂದು ಹೆಸರಿಡಲಾಯಿತು. ಹುಯಿಲಗೋಳ ನಾರಾಯಣರಾಯರ ನಾಡಗೀತವು ಅಲ್ಲಿ ಮೊಳಗಿತು. ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಏಕೀಕರಣ ಪರಿಷತ್ತೂ ಅದೇ ಕಾಲಕ್ಕೆ ಕೂಡಿತು. ಶಾಲೆಗಳಲ್ಲಿ ಈ ಕಥೆಯನ್ನು ಹೇಳುವಾಗ ಗುರುಗಳ ಕಂಠವು ತಾನಾಗಿಯೇ ಏರುತ್ತದೆ, ಏರುವುದು ತಕ್ಕದ್ದೇ.

ಆ ಸಭೆಯಲ್ಲಿ ಸ್ವಾಗತಗೀತವನ್ನು ಹಾಡಿದವರಲ್ಲಿ ಧಾರವಾಡದ ಹನ್ನೊಂದು ವರ್ಷದ ಒಬ್ಬ ಹುಡುಗಿಯಿದ್ದಳು. ಅವಳೇ ಮುಂದೆ ಗಂಗೂಬಾಯಿ ಹಾನಗಲ್ಲರಾದರು. ಗಾಂಧಿಯವರ ಎದುರಿನಲ್ಲಿ ಹಾಡಿದ ಭಾಗ್ಯವನ್ನು ಅವರು ಬಾಳಿನ ಕೊನೆಯವರೆಗೂ ನೆನೆಯುತ್ತಿದ್ದರು. ಅದರೊಡನೆ ಇನ್ನೊಂದು ಸಂಗತಿಯನ್ನೂ ನೆನೆಯುತ್ತಿದ್ದರು; ಅದನ್ನು ನಮ್ಮ ಉತ್ಸವಗಳಲ್ಲಿ ಯಾರೂ ಹೇಳುವುದಿಲ್ಲ. ತಾನು ಕೆಳಗಿನ ಜಾತಿಯವಳಾದುದರಿಂದ, ಊಟವಾದ ಮೇಲೆ ಜನರು ಉಂಡ ಸ್ಥಳವನ್ನು ಸ್ವಚ್ಛಮಾಡೆಂದು ತನಗೆ ಹೇಳಿಬಿಡುವರೋ ಏನೋ ಎಂಬ ಅಂಜಿಕೆಯೇ ಆ ದಿನ ಆ ಹುಡುಗಿಯ ಮನಸ್ಸನ್ನು ತುಂಬಿಕೊಂಡಿತ್ತಂತೆ.

ಈ ಮಾತನ್ನು ವಾಚಕರು ಒಂದು ಕ್ಷಣ ನಿಂತು ಆಲೋಚಿಸಬೇಕು. ಯಾವ ಸಭೆಯ ಅಧ್ಯಕ್ಷರು ಅಸ್ಪೃಶ್ಯತೆಯ ನಿವಾರಣೆಯಿಲ್ಲದೆ ಸ್ವರಾಜ್ಯವು ಬರಲಾರದೆಂದು ಊರೂರಿಗೆ ಸಾರುತ್ತಿದ್ದರೋ, ಆ ಸಭೆಯಲ್ಲಿ ಸ್ವಾಗತವನ್ನು ಹಾಡಿದ ಕೂಸಿಗೆ ತನ್ನ ಊಟದ ಎಲೆಯ ಚಿಂತೆ! ಅಂಜಿಕೆಯು ಸಾಕ್ಷ್ಯವಲ್ಲವೆಂದು ಪ್ರತಿವಾದಿಗಳು ತಕರಾರು ಹೇಳಬಹುದು. ಹನ್ನೊಂದು ವರ್ಷದ ಮಗುವು ಇಲ್ಲದ ದೆವ್ವಕ್ಕೆ ಅಂಜಬಹುದು. ಆದರೆ ಉಂಡ ಎಲೆಯನ್ನು ಬಳಿಯಲು ಹೇಳುವರೆಂಬ ಅಂಜಿಕೆಯನ್ನು ಯಾವ ಮಗುವೂ ತಾನಾಗಿ ಕಲ್ಪಿಸಿಕೊಳ್ಳುವುದಿಲ್ಲ. ಅದನ್ನು ಯಾರೋ ಕಲಿಸಿರಬೇಕು. ಕಲಿಸಿದವರು ಪರದೇಶದ ಅರಸರಲ್ಲ. ಧಾರವಾಡದ ಓಣಿಯವರು, ನಮ್ಮಂತೆಯೇ ಕನ್ನಡವನ್ನು ಆಡುವವರು.

ಗಂಗೂಬಾಯಿಯವರು 1913ರ ಮಾರ್ಚಿ 5ರಂದು ಧಾರವಾಡದಲ್ಲಿ ಹುಟ್ಟಿದರು. ತಂದೆ ಚಿಕ್ಕೂರಾವ್ ನಾಡಿಗೇರರು, ತಾಯಿ ಅಂಬಾಬಾಯಿಯವರು. ತಾಯಿಯದು ಹಾಡುವ ಹೆಂಗಸರ ಮನೆತನ, ಕರ್ನಾಟಕ ಪದ್ಧತಿಯ ಗಾಯನ. ಅವರ ಹಾಡುಗಾರಿಕೆಯನ್ನು ಕೇಳಲು ಸಾಕ್ಷಾತ್ ಅಬ್ದುಲ್ ಕರೀಮ್ ಖಾನಸಾಹೇಬರು ಅವರ ಮನೆಗೆ ಬರುತ್ತಿದ್ದರೆಂಬುದರ ಮೇಲಿಂದ ಅದರ ಯೋಗ್ಯತೆಯನ್ನು ಊಹಿಸಬಹುದು. ಮನೆಯ ಒಳಗೆ ಇಂತಹ ವಿದ್ಯೆ. ಹೊರಗೆ ಬಂದರೆ ಶುಕ್ರವಾರಪೇಟೆಯ ಬೀದಿ. ಆ ಬೀದಿಯಲ್ಲಿ ಹುಡುಗಿಯು ನಡೆದರೆ ಗಾನೇವಾಲಿಯೆಂದು ಅಣಕಿಸುವವರಿದ್ದರು. ಅದೇ ಬೀದಿಯಲ್ಲಿ ಎಲ್ಲಿಯಾದರೂ ಗ್ರಾಮಫೋನು ಹಾಡಿದರೆ ಮನೆಯಿಂದ ಓಡಿಬಂದು, ಜೊಹರಾಬಾಯಿಯವರ ಧ್ವನಿಮುದ್ರಿಕೆಗೆ ಕಿವಿಗೊಟ್ಟು ಅವಳು ನಿಲ್ಲುತ್ತಿದ್ದಳು. ಶಾಲೆಯ ಓದು ಐದನೆಯ ಇಯತ್ತೆಗೆ ಮುಗಿಯಿತು.

ಮಗಳ ಒಲವು ಹಿಂದುಸ್ತಾನಿಯ ಕಡೆಗೆ ಇರುವುದನ್ನು ಕಂಡು ತಾಯಿಯು ಮಾಡಿದ ಕಾರ್ಯವೊಂದುಂಟು. ನಮ್ಮ ದೃಷ್ಟಿಯಲ್ಲಿ ಅದು ಗಂಗೂಬಾಯಿಯವರ ಚರಿತ್ರೆಯ ಅತಿ ದೊಡ್ಡ ಘಟನೆ. ತನ್ನ ಕರ್ನಾಟಕ ಪದ್ಧತಿಯ ಗಮಕಗಳು ಮಗಳ ಕೊರಳಿಗೆ ಅಂಟಿ ಹೊಸ ವಿದ್ಯೆಯನ್ನು ಕೆಡಿಸಬಾರದೆಂದು ಅಂಬಾಬಾಯಿಯವರು ತಾವು ಹಾಡುವುದನ್ನೇ ಬಿಟ್ಟುಬಿಟ್ಟರು. ಹಾಡಿನಿಂದಲೇ ಬದುಕಿದ ಮನೆತನದ ಹೆಣ್ಣುಮಗಳು, ವಿದ್ಯಾವಂತೆ, ಖಾನಸಾಹೇಬರಂಥವರು ಬಂದು ಕುಳಿತು ಕೇಳಿದ ಕಂಠವುಳ್ಳವಳು, ತನ್ನ ವಿದ್ಯೆಯನ್ನು ಮಗಳಿಗಾಗಿ ಮೌನದಲ್ಲಿ ಹೂತಿಟ್ಟಳು. ದೊಡ್ಡವರ ತ್ಯಾಗಗಳ ಪಟ್ಟಿಯಲ್ಲಿ ಅರಮನೆಯನ್ನು ಬಿಟ್ಟವರು, ವಕೀಲಿಯನ್ನು ಬಿಟ್ಟವರು, ಸರಕಾರದ ಪದವಿಗಳನ್ನು ಬಿಟ್ಟವರು ಇದ್ದಾರೆ. ಈ ತಾಯಿಯ ಹೆಸರನ್ನು ಅದರಲ್ಲಿ ನಾವು ಎಲ್ಲಿಯೂ ಕಂಡಿಲ್ಲ. 1932ರಲ್ಲಿ ಅವರು ತೀರಿಕೊಂಡರು. ಆ ದಿನ ಯಾವ ಸರಕಾರವೂ ಶೋಕವನ್ನು ಸಾರಲಿಲ್ಲ. ಮಗಳಿಗೆ ಮುಂದೆ ಬಂದ ಕೀರ್ತಿಯನ್ನು ಅವರು ನೋಡಲಿಲ್ಲ.

ಮಗಳ ವಿದ್ಯೆಗಾಗಿಯೇ 1928ರಲ್ಲಿ ಕುಟುಂಬವು ಹುಬ್ಬಳ್ಳಿಗೆ ಬಂದು ನೆಲೆಸಿತು. ಕೃಷ್ಣಾಚಾರ್ಯ ಹುಲಗೂರರಲ್ಲಿ ಮೊದಲ ಪಾಠ. ಆಮೇಲೆ ಕರೀಮ್ ಖಾನಸಾಹೇಬರ ಶಿಷ್ಯೋತ್ತಮರಾದ ಸವಾಯಿ ಗಂಧರ್ವರು, ಎಂದರೆ ಕುಂದಗೋಳದ ರಾಮಭಾವು, ಅವರನ್ನು ಶಿಷ್ಯೆಯಾಗಿ ಸ್ವೀಕರಿಸಿದರು. ಗುರುಗಳು ನಾಟಕ ಮಂಡಳಿಯೊಡನೆ ಊರೂರು ಸುತ್ತುತ್ತಿದ್ದುದರಿಂದ ಪಾಠವು ಬಿಟ್ಟುಬಿಟ್ಟು ನಡೆಯಿತು. ಅವರು ಕುಂದಗೋಳಕ್ಕೆ ಬಂದು ನಿಂತ ಮೇಲೆ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ, ಪಾಠ ಹೇಳಿಸಿಕೊಂಡು, ಸಂಜೆಗೆ ತಿರುಗಿ ಬರುವರು. ಆಗ ಗುರುಗೃಹದಲ್ಲಿಯೇ ಉಳಿದುಕೊಂಡು ನೀರು ಹೊತ್ತು ಸೇವೆ ಮಾಡುತ್ತಿದ್ದ ಗದಗಿನ ಹುಡುಗನೊಬ್ಬನು ಅವರನ್ನು ನಿಲ್ದಾಣದವರೆಗೆ ಕಳಿಸಿ ಬರುತ್ತಿದ್ದನು. ಅವನೇ ಭೀಮಸೇನ ಜೋಶಿ. ಭಾರತರತ್ನವೂ ಪದ್ಮವಿಭೂಷಣವೂ ಒಂದು ಸಣ್ಣ ರೈಲು ನಿಲ್ದಾಣದ ಹಾದಿಯಲ್ಲಿ ಹೀಗೆ ಜೊತೆಯಾಗಿ ನಡೆದವು.

ಏಕೀಕರಣವಾದಿಗಳಾದ ನಮಗೆ ಈ ರೈಲಿನ ವಿಷಯವಾಗಿ ಇನ್ನೊಂದು ಮಾತುಂಟು. ಹುಬ್ಬಳ್ಳಿಯು ಆಗ ಮುಂಬಯಿ ಪ್ರಾಂತದ ಊರು. ಕುಂದಗೋಳವೋ ಬಹುದೂರದ ಜಮಖಂಡಿಯ ಪಟವರ್ಧನ ಸಂಸ್ಥಾನಿಕರಿಗೆ ಸೇರಿದ ತುಂಡು. ಒಂದೇ ಮಾತನ್ನಾಡುವ, ಒಂದೇ ಜೋಳದ ರೊಟ್ಟಿಯನ್ನು ತಿನ್ನುವ ಎರಡು ನೆರೆಯೂರುಗಳ ನಡುವೆ ರಾಜ್ಯದ ಮೇರೆ! ಪಾಠಕ್ಕೆ ಹೋಗುವ ಶಿಷ್ಯೆಯು ದಾರಿಯಲ್ಲಿ ಇಂಗ್ಲಿಷರ ರಾಜ್ಯವನ್ನು ಬಿಟ್ಟು ಸಂಸ್ಥಾನವನ್ನು ಹೊಕ್ಕು, ಸಂಜೆಗೆ ತಿರುಗಿ ಇಂಗ್ಲಿಷರ ರಾಜ್ಯಕ್ಕೆ ಬರುವಳು. ನಾಡಿನ ಅಂದಿನ ಅವಸ್ಥೆಯನ್ನು ಮಕ್ಕಳಿಗೆ ತಿಳಿಸಲು ಇಷ್ಟು ಸರಳವಾದ ಉದಾಹರಣೆಯು ಬೇರೆ ಸಿಗದು. ಆ ಮೇರೆಯು ಈಗ ಇಲ್ಲ. 1948ರಲ್ಲಿ ಜಮಖಂಡಿಯು ವಿಲೀನವಾಯಿತು; 1956ರ ನವೆಂಬರ 1ಕ್ಕೆ ಮುಂಬಯಿ, ಹೈದರಾಬಾದು, ಮದ್ರಾಸು, ಮೈಸೂರು, ಕೊಡಗುಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡದ ಸೀಮೆಗಳು ಬಹುಮಟ್ಟಿಗೆ ಒಂದಾದವು; 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂದಿತು. ಭೂಪಟದ ಮೇಲಿನ ಗೆರೆಯನ್ನು ಅಳಿಸುವ ಕಾರ್ಯವು ಕಷ್ಟದ್ದಾದರೂ ಅದಕ್ಕೆ ಒಂದು ತಾರೀಖು ಉಂಟು. ಆಯೋಗವು ವರದಿ ಬರೆಯುವುದು, ಪಾರ್ಲಿಮೆಂಟು ಕಾಯಿದೆ ಮಾಡುವುದು, ಗೆರೆಯು ಹೋಗುವುದು. ಆದರೆ ಶುಕ್ರವಾರಪೇಟೆಯ ಬೀದಿಯಲ್ಲಿ, ಬೆಳಗಾವಿಯ ಊಟದ ಪಂಕ್ತಿಯಲ್ಲಿ ಆ ಹುಡುಗಿಯು ಕಂಡ ಗೆರೆಯನ್ನು ಯಾವ ನಕಾಶೆಯವನೂ ಬರೆದಿರಲಿಲ್ಲ. ಆದುದರಿಂದ ಅದನ್ನು ಅಳಿಸಿದ ತಾರೀಖೂ ಯಾವ ಪಂಚಾಂಗದಲ್ಲಿಯೂ ಇಲ್ಲ.

ಗಾಯನದ ವಿಷಯವನ್ನು ಹೇಳದೆ ಗಾಯಕಿಯ ವಿಷಯವನ್ನು ಮುಗಿಸಲಾಗದು. ಗಾಂಧಾರಿಯೆಂಬ ಹೆಸರಿನಿಂದ ಹೊರಬಂದ ಅವರ ಮೊದಲ ಧ್ವನಿಮುದ್ರಿಕೆಗಳನ್ನು ಕೇಳಿದವರಿಗೆ, ಆ ತೆಳುವಾದ ಏರುಧ್ವನಿಯು ಮುಂದಿನ ಗಂಗೂಬಾಯಿಯವರದೆಂದು ನಂಬುವುದೇ ಕಷ್ಟ. ಗಂಟಲಿನ ಬೇನೆಗೆ ಚಿಕಿತ್ಸೆಯಾದ ಮೇಲೆ ಕಂಠವು ದಪ್ಪಗಾಯಿತು, ಕೆಳಗಿಳಿಯಿತು. ಹೆಣ್ಣಿನ ಮೈಯಲ್ಲಿ ಗಂಡಿನ ಧ್ವನಿಯೆಂದು ಜನರು ಬೆರಗಾಗುವಷ್ಟು ಗಂಭೀರವಾಯಿತು. ಹೆಣ್ಣಿನ ಹಾಡೆಂದರೆ ಸಣ್ಣ ದನಿಯ ಇಂಪೆಂದು ತಿಳಿದವರ ಕಾಲದಲ್ಲಿ ಇದು ಸಾಮಾನ್ಯ ಆಪತ್ತಲ್ಲ. ಬೇರೆಯವರಾದರೆ ತಂಬೂರಿಗೆ ಗವಸು ಹಾಕಿ ಮೂಲೆಗಿಡುತ್ತಿದ್ದರು. ಇವರು ಆ ಕಂಠದಲ್ಲಿಯೇ ಹೊಸ ದಾರಿಯನ್ನು ಕಡಿದರು. ಸ್ವರಗಳನ್ನು ಜಿಪುಣನು ಹಣವನ್ನು ಬಿಚ್ಚುವಂತೆ ಒಂದೊಂದಾಗಿ ಬಿಚ್ಚಬೇಕೆಂಬುದು ಗುರುಗಳು ಅವರಿಗೆ ಕೊಟ್ಟ ಪಾಠವಾಗಿತ್ತು. ಭೈರವದ ರಿಷಭ, ತೋಡಿಯ ಗಾಂಧಾರ, ಮಾರವಾದ ಧೈವತ: ಒಂದೊಂದರ ಮೇಲೆಯೂ ಅವರು ನಿಲ್ಲುವ ರೀತಿಯನ್ನು ಕೇಳಿದವರು, ಅವಸರವೆಂಬುದು ಈ ಲೋಕದಲ್ಲಿ ಯಾತಕ್ಕೆ ಹುಟ್ಟಿತೋ ಎಂದು ಕೇಳುವಂತಾಗುತ್ತಿತ್ತು. ಬಗಲಲ್ಲಿ ಮಗಳು ಕೃಷ್ಣಾ ಅವರ ಕಂಠವು ಆಧಾರವಾಗಿ ಸದಾ ಇರುತ್ತಿತ್ತು. ಆ ಮಗಳು 2004ರಲ್ಲಿ ತೀರಿಕೊಂಡಳು. ತಾಯಿಯು ಅದರ ಮೇಲೆಯೂ, 2006ರ ಮಾರ್ಚಿಯಲ್ಲಿ, 93ರ ವಯಸ್ಸಿನಲ್ಲಿ, ತಮ್ಮ ಗಾಯನದ 75ನೆಯ ವರ್ಷದ ನಿಮಿತ್ತವಾಗಿ ವೇದಿಕೆಯ ಮೇಲೆ ಕುಳಿತು ಹಾಡಿದರು.

ಈ ಹಾಡಿನ ಶಬ್ದಗಳು ಹಿಂದಿಯವು, ಬ್ರಜದವು. ಇದರಲ್ಲಿ ಕನ್ನಡವೇನಿದೆಯೆಂದು ಕೇಳುವ ಸ್ನೇಹಿತರು ನಮ್ಮ ಪಕ್ಷದಲ್ಲಿಯೇ ಇದ್ದಾರೆ. ಅವರಿಗೆ ಉತ್ತರವಾಗಿ ಒಂದು ಸಣ್ಣ ಕಾಗದದ ತುಂಡನ್ನು ತೋರಿಸಬೇಕೆನಿಸುತ್ತದೆ. 2014ರಲ್ಲಿ ಭಾರತದ ಅಂಚೆ ಇಲಾಖೆಯು ದೇಶದ ಎಂಟು ಜನ ಸಂಗೀತಗಾರರ ಚಿತ್ರವುಳ್ಳ ಅಂಚೆಚೀಟಿಗಳನ್ನು ಹೊರಡಿಸಿತು. ಎಂಟರಲ್ಲಿ ನಾಲ್ವರು ಕನ್ನಡನಾಡಿನಲ್ಲಿ ಹುಟ್ಟಿದ ಹಿಂದುಸ್ತಾನಿ ಗಾಯಕರು: ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನಸೂರ, ಕುಮಾರ ಗಂಧರ್ವ. ಕೃಷ್ಣೆ ತುಂಗಭದ್ರೆಯರ ನಡುವಿನ ಎರೆಭೂಮಿಯಲ್ಲಿ ಉತ್ತರದ ಬೀಜವು ಹೀಗೆ ಬೆಳೆದುದು ನಾಡಿನ ಸಂಪತ್ತಲ್ಲದೆ ಮತ್ತೇನು? ಕೈರಾನಾದಿಂದ ಬಂದ ಮುಸಲ್ಮಾನ ಖಾನಸಾಹೇಬರು, ಕುಂದಗೋಳದ ರಾಮಭಾವು, ಹಾಡುವವರ ಮನೆತನದ ಈ ಹುಡುಗಿ, ಹೀಗೆ ವಿದ್ಯೆಯು ಇಳಿದು ಬಂದ ದಾರಿಯಲ್ಲಿ ಜಾತಿಯ ಸುಂಕದ ಕಟ್ಟೆಯೇ ಇರಲಿಲ್ಲ. ಗುರುವಿನ ಮನೆಯಲ್ಲಿ ದೊರೆತ ಸ್ಥಾನವು ಬೀದಿಯಲ್ಲಿ ದೊರೆಯಲಿಲ್ಲವೆಂಬುದೇ ನಮ್ಮ ದುಃಖ. ಅಷ್ಟೇ ಅಲ್ಲ, ರಾಜ್ಯ ಸರಕಾರವು ಸಂಗೀತಕ್ಕಾಗಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದಾಗ, ಕರ್ನಾಟಕ ಸಂಗೀತದ ತವರಾದ ಮೈಸೂರಿನಲ್ಲಿ ಅದನ್ನು ಇಟ್ಟು, ಹುಬ್ಬಳ್ಳಿಯ ಹಿಂದುಸ್ತಾನಿ ಗಾಯಕಿಯ ಹೆಸರನ್ನು ಅದಕ್ಕೆ ಕೊಟ್ಟಿತು. ಏಕೀಕರಣದ ಗುರುತಾಗಿ ಇದು ಕಲ್ಲಿನ ಕಂಬಗಳಿಗಿಂತ ಮೇಲೆಂದು ನಾವು ಎಣಿಸುತ್ತೇವೆ.

ಇಷ್ಟೆಲ್ಲ ಗೌರವವು ಸಂದ ಮೇಲೆ ಬಾಕಿಯೇನು ಉಳಿಯಿತೆಂದು ಕೇಳಬಹುದು. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವರ ಹೆಸರಿನ ಹಿಂದೆ ಡಾಕ್ಟರೆಂಬ ಬಿರುದು. ಆದರೆ ಅವರೇ ಒಮ್ಮೆ ನಗುತ್ತ ಆಡಿದ ಮಾತೊಂದುಂಟು: ಹಾಡುವ ಗಂಡಸು ಹಿಂದುವಾದರೆ ಪಂಡಿತನಾಗುತ್ತಾನೆ, ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹೆಣ್ಣುಮಗಳು ಎಷ್ಟು ಹಾಡಿದರೂ ಬಾಯಿಯಾಗಿಯೇ ಉಳಿಯುತ್ತಾಳೆ ಎಂಬುದು ಅದರ ತಾತ್ಪರ್ಯ. ಬಾಯಿಯೆಂಬುದು ನಮ್ಮ ಉತ್ತರದ ಜಿಲ್ಲೆಗಳಲ್ಲಿ ತಾಯಿತಂಗಿಯರಿಗೆ ಹೇಳುವ ಗೌರವದ ಮಾತೇ ಸರಿ. ಹಾಡುವವಳ ಹೆಸರಿಗೆ ಅಂಟಿದಾಗ ಮಾತ್ರ ಅದರ ಅರ್ಥವು ಬೇರೆಯಾಗುವುದೇಕೆ? ಶಬ್ದದಲ್ಲಿ ದೋಷವಿಲ್ಲ, ಅದನ್ನು ನುಡಿಯುವವನ ಕಣ್ಣಿನಲ್ಲಿದೆ.

ನಮ್ಮ ರಾಷ್ಟ್ರೀಯ ಪಕ್ಷದವರೂ ಈ ವಿಷಯದಲ್ಲಿ ಕೈ ತೊಳೆದುಕೊಂಡವರಲ್ಲ. ಸ್ವಾತಂತ್ರ್ಯವು ಹೊಸ್ತಿಲಲ್ಲಿದ್ದ 1946ರ ಸುಮಾರಿಗೆ, ನಮ್ಮವರ ಕೈಗೆ ಬಂದ ರೇಡಿಯೋ ಖಾತೆಯು ಮಾಡಿದ ಮೊದಲ ಸುಧಾರಣೆಗಳಲ್ಲಿ ಒಂದು, ಖಾಸಗಿ ನಡತೆಯು ಲೋಕಾಪವಾದಕ್ಕೆ ಗುರಿಯಾದ ಗಾಯಕರಿಗೆ ಬಾಗಿಲನ್ನು ಮುಚ್ಚುವುದಾಗಿತ್ತು. ಯಾರನ್ನು ಉದ್ದೇಶಿಸಿ ಈ ನಿಯಮವು ಹುಟ್ಟಿತೆಂಬುದು ಎಲ್ಲರಿಗೂ ಗೊತ್ತಿತ್ತು: ಹಾಡಿ ಬದುಕುವ ಮನೆತನಗಳ ಹೆಂಗಸರನ್ನು. ಅವರ ಮನೆಗಳಿಗೆ ಹೋಗಿ ಹಾಡು ಕೇಳಿದ ಗಂಡಸರ ನಡತೆಯನ್ನು ವಿಚಾರಿಸುವ ನಿಯಮವನ್ನು ಯಾರೂ ಬರೆಯಲಿಲ್ಲ. ಶತಮಾನಗಳವರೆಗೆ ಸಂಗೀತವನ್ನು ಕೆಡದಂತೆ ಕಾಪಾಡಿದವರನ್ನು ಹೊರಗೆ ನಿಲ್ಲಿಸಿ, ಅದೇ ಸಂಗೀತವನ್ನು ಕುಲೀನರ ದಿವಾಣಖಾನೆಗೆ ತಂದುಕೊಂಡೆವು. ಅದನ್ನೇ ಉದ್ಧಾರವೆಂದು ಕರೆದೆವು.

ಕಾಯಿದೆಗಳು ಬಂದಿವೆ, ಒಳ್ಳೆಯವೇ ಬಂದಿವೆ. ದೇವದಾಸಿಯರ ಸಂರಕ್ಷಣೆಗೆ ಮುಂಬಯಿ ಪ್ರಾಂತದಲ್ಲಿ 1934ರಲ್ಲಿಯೂ, ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ತಡೆಯಲು ಕರ್ನಾಟಕದಲ್ಲಿ 1982ರಲ್ಲಿಯೂ ಶಾಸನಗಳಾದವು. ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ. ನ್ಯಾಯದ ವೃತ್ತಿಯವರಾದ ನಾವು ಕಾಯಿದೆಯನ್ನು ಹಗುರಾಗಿ ಎಣಿಸುವುದಿಲ್ಲ. ಅದಿಲ್ಲದೆ ಬಡವನಿಗೆ ನಿಲ್ಲಲು ನೆಲವೇ ಇಲ್ಲ. ಆದರೆ ಕಾಯಿದೆಯು ತಪ್ಪು ಮಾಡಿದವನನ್ನು ಹಿಡಿಯಬಲ್ಲದು. ಒಂದು ಮಗುವಿನ ಮನಸ್ಸಿನಲ್ಲಿ, ಇನ್ನೂ ಯಾರೂ ಏನನ್ನೂ ಅನ್ನದಿರುವಾಗಲೇ, ಏಳುವ ಅಂಜಿಕೆಯನ್ನು ಹಿಡಿಯುವ ಪೋಲೀಸರೆಲ್ಲಿದ್ದಾರೆ?

ಅದಲ್ಲದೆ ನಮ್ಮ ಜನರಲ್ಲಿ ಒಂದು ಹಳೆಯ ಜಾಣತನವುಂಟು. ಹೊರಗೆ ನಿಂತವರಲ್ಲಿ ಯಾರೋ ಒಬ್ಬರು ತಮ್ಮ ಅಸಾಧಾರಣ ಸಾಮರ್ಥ್ಯದಿಂದ ಮೇಲಕ್ಕೆ ಬಂದರೆ ಅವರಿಗೆ ಹಾರ ಹಾಕಿ, ಒಳಗೆ ಕರೆದು, ಮಣೆಯ ಮೇಲೆ ಕೂಡ್ರಿಸುತ್ತೇವೆ; ಬಳಿಕ ಬಾಗಿಲನ್ನು ಹಿಂದಿನಂತೆಯೇ ಮುಚ್ಚುತ್ತೇವೆ. ಹುಡುಗಿಯಾಗಿದ್ದಾಗ ಅಂಗಳವನ್ನು ತುಳಿಯಗೊಡದ ಮನೆಗಳವರು, ಹೆಸರು ಬಂದ ಮೇಲೆ ಊಟಕ್ಕೆ ಕರೆದರೆಂಬುದನ್ನು ಗಂಗೂಬಾಯಿಯವರು ಕಹಿಯಿಲ್ಲದೆ ಹೇಳಿಕೊಂಡಿದ್ದಾರೆ. ಕಹಿಯಿಲ್ಲದಿದ್ದುದು ಅವರ ದೊಡ್ಡತನ. ಅದನ್ನು ನಮ್ಮ ಖುಲಾಸೆಯ ಹುಕುಮೆಂದು ತಿಳಿಯುವುದು ನಮ್ಮ ಸಣ್ಣತನವಾದೀತು. ಗೌರವವು ಯೋಗ್ಯತೆಗೆ ಸಲ್ಲತಕ್ಕದ್ದು, ಅದರಲ್ಲಿ ವಾದವಿಲ್ಲ. ಆದರೆ ಪಂಕ್ತಿಯಲ್ಲಿ ಕುಳಿತು ಉಣ್ಣಲು ಮಾರವಾ ರಾಗವನ್ನು ಹಾಡಿ ತೋರಿಸಬೇಕೆಂಬ ಕರಾರು ಎಲ್ಲಿಯದು? ಆ ಬೀದಿಯಲ್ಲಿ ಅಣಕವನ್ನು ಕೇಳಿ, ಸಾಧಾರಣ ಕಂಠವನ್ನೇ ಪಡೆದು, ಸಾಧಾರಣವಾಗಿಯೇ ಬಾಳಿ ಸತ್ತ ಹುಡುಗಿಯರ ಲೆಕ್ಕವನ್ನು ಯಾರು ಇಟ್ಟಿದ್ದಾರೆ?

ಈಗ ಮಾಡತಕ್ಕದ್ದೇನು? ಸ್ಮಾರಕಗಳ ವಿಷಯದಲ್ಲಿ ನಮ್ಮದು ಒಂದೇ ಸೂಚನೆ. ಹುಬ್ಬಳ್ಳಿಯಲ್ಲಿ ಅವರ ಹೆಸರಿನ ಗುರುಕುಲವನ್ನು ಸರಕಾರವು ಕಟ್ಟಿದೆ, ಮೈಸೂರಿನಲ್ಲಿ ವಿಶ್ವವಿದ್ಯಾಲಯವಿದೆ. ಇವೆರಡರಲ್ಲಿಯೂ ಅಂಬಾಬಾಯಿಯವರ ಹೆಸರಿನಲ್ಲಿ ವಿದ್ಯಾರ್ಥಿವೇತನವೊಂದು ಇರಲಿ. ಅದು ಹಾಡುವ, ಕುಣಿಯುವ, ಬಾರಿಸುವ ಹಳೆಯ ಮನೆತನಗಳಿಂದ ಬಂದ ಹೆಣ್ಣುಮಕ್ಕಳಿಗೆ ಮೊದಲು ಸಲ್ಲಲಿ. ತನ್ನ ಗಾಯನವನ್ನು ಬಿಟ್ಟುಕೊಟ್ಟ ತಾಯಿಯ ಹೆಸರಿನಿಂದ ಒಬ್ಬ ಹುಡುಗಿಯು ಗಾಯನವನ್ನು ಹಿಡಿದರೆ ಅದರಲ್ಲಿ ಒಂದು ಔಚಿತ್ಯವಿದೆ.

ಉಳಿದುದೆಲ್ಲ ನಮ್ಮ ವಾಚಕರಲ್ಲಿ ಬಹುಸಂಖ್ಯಾತರಾದ ಶಾಲಾಗುರುಗಳ ಕೈಯಲ್ಲಿದೆ. ನವೆಂಬರದ ಮೊದಲ ತಾರೀಖಿಗೆ ಬೆಳಗಾವಿಯ ಅಧಿವೇಶನದ ಕಥೆಯನ್ನು ಅವರು ಮಕ್ಕಳಿಗೆ ಹೇಳುವರು. ಗಾಂಧಿಯವರನ್ನೂ, ದೇಶಪಾಂಡೆಯವರನ್ನೂ, ಹುಯಿಲಗೋಳರನ್ನೂ ಹೇಳಿದ ಮೇಲೆ, ಹಾಡಿದ ಹುಡುಗಿಯನ್ನೂ ಹೇಳಲಿ. ಅವಳ ಅಂಜಿಕೆಯನ್ನು ಮರೆಮಾಚದೆ ಹೇಳಲಿ. ಮಕ್ಕಳು ಏಕೆಂದು ಕೇಳುವರು. ಆ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಆ ಪ್ರಶ್ನೆಯನ್ನು ಕೇಳದ ಮಕ್ಕಳಿಗೆ ನಾಡಿನ ಚರಿತ್ರೆಯನ್ನು ಕಲಿಸಿದರೂ ಒಂದೇ, ಬಿಟ್ಟರೂ ಒಂದೇ.

ಮತ್ತೆ, ಪಂಕ್ತಿಯೇನೂ ಹಳೆಯ ಕಾಲದ ಮಾತಲ್ಲ. ಸರಕಾರದ ಶಾಲೆಗಳಲ್ಲಿ ಅಕ್ಷರ ದಾಸೋಹವು ಮೊದಲಾದಂದಿನಿಂದ ನಾಡಿನ ಮಕ್ಕಳು ದಿನವೂ ಮಧ್ಯಾಹ್ನ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ಬೆಳಗಾವಿಯಲ್ಲಿ ಎರಡು ದಿನ ಮಾತ್ರ ಸಾಧ್ಯವಿದ್ದುದು ಇಲ್ಲಿ ವರ್ಷವೆಲ್ಲ ನಡೆಯುತ್ತದೆ. ಇದಕ್ಕಿಂತ ದೊಡ್ಡ ಏಕೀಕರಣ ಪರಿಷತ್ತು ಇನ್ನೊಂದಿಲ್ಲ. ಆದರೂ ದಲಿತ ಹೆಣ್ಣುಮಗಳು ಬೇಯಿಸಿದ ಅನ್ನವನ್ನು ತಮ್ಮ ಮಕ್ಕಳು ಉಣ್ಣಬಾರದೆಂದು ತಂದೆತಾಯಿಗಳು ತಡೆದ ಸುದ್ದಿಯು ವೃತ್ತಪತ್ರಗಳಲ್ಲಿ ಆಗಾಗ ಬರುತ್ತಲೇ ಇದೆ. ಅಂತಹ ಊರಿನ ಗುರುಗಳು ಒಂದು ಕೆಲಸವನ್ನು ಮಾಡಬಹುದು. ಮೊದಲ ತುತ್ತನ್ನು ಮಕ್ಕಳ ಸಾಲಿನಲ್ಲಿ ಕುಳಿತು, ಆ ಅಡುಗೆಯವಳ ಕೈಯಿಂದ ಬಡಿಸಿಕೊಂಡು, ಎಲ್ಲರೂ ಕಾಣುವಂತೆ ತಾವೇ ಉಣ್ಣಬೇಕು. ಊಟವಾದ ಮೇಲೆ ಸ್ಥಳವನ್ನು ಗುಡಿಸಿ ಒರೆಸುವ ಸರದಿಯನ್ನು ಹಾಜರಿ ಪುಸ್ತಕದ ಕ್ರಮಾಂಕದಂತೆ ಬರೆದು ಗೋಡೆಗೆ ಅಂಟಿಸಬೇಕು; ಅದರಲ್ಲಿ ಪಾಟೀಲರ ಮಗನ ಹೆಸರೂ ಬರಬೇಕು, ಗುರುಗಳ ಮಗನು ಅದೇ ಶಾಲೆಯಲ್ಲಿದ್ದರೆ ಅವನ ಹೆಸರೂ ಬರಬೇಕು. ತನ್ನ ಸರದಿಯು ಎಂದು ಬರುವುದೆಂಬುದನ್ನು ಪ್ರತಿಯೊಂದು ಮಗುವೂ ಆ ಗೋಡೆಯ ಮೇಲೆ ಓದಿಕೊಳ್ಳಲಿ.